ಎರಡೂ ಎಡತೋಳು

ಹಳೆಯ ಪರದೆಯಲ್ಲಿ ಮಗಳಿಗೆ ಗೌನು ಹೊಲಿಯುತ್ತೇನೆಂದು ಮನೆಯವರಿಗಷ್ಟೇ ಹೇಳಿ ಸುಮ್ಮನಿರಬಹುದಿತ್ತು. ಹಾಲಿನವನಿಗೂ ಹೇಳಿದೆ, ಎದುರು ಮನೆಯಾಕೆಗೂ ಹೇಳಿದೆ.

ಮಗಳು ಪಿಟೀಲು ನುಡಿಸುವ ಮೇಳದ ಮೇಷ್ಟ್ರು, ಈ ಸಲದ ಕಾರ್ಯಕ್ರಮಕ್ಕೆ ಯಾರೂ ಹೊಸ ಬಟ್ಟೆ ಕೊಳ್ಳಬಾರದು, ಮನೆಯಲ್ಲಿ ಇರುವುದರಲ್ಲೇ ಚೆನ್ನಾಗಿ ಸಿದ್ಧವಾಗಿ ಬರಬೇಕು ಎಂದಿದ್ದರು. ಕಾರ್ಯಕ್ರಮದ ನಡುವೆ ಮಗಳೊಬ್ಬಳೇ ನುಡಿಸುವ ಭಾಗವೊಂದಿತ್ತು. ಅವಳಿಗೆ ಅದು ಮೊದಲ ಸಲ. ಬೇರೆ ತಾಯಂದಿರು ತಮ್ಮ ಒಳ್ಳೆಯ ಬಟ್ಟೆಯನ್ನೇ ಬಿಗಿ ಮಾಡಿ ಕೊಟ್ಟರು. ನನಗೆ ಅಷ್ಟು ಸಾಲದು. ಬೀದಿ ಕಡೆಯ ಕಿಟಕಿಯ ನೀಲಿ ಪರದೆ ಇಳಿಸಿದೆ, ಮೈಭಾಗದ ಒಳಪದರಕ್ಕೆ ಹಳೆಯ ಹೊದಿಕೆ ತೆಗೆದೆ, ಗುಂಡಿಗಳನ್ನು ನಮ್ಮವರ ಕೋಟಿನಿಂದ ಅವರಿಗೆ ಹೇಳದೆ ಕಿತ್ತೆ.

ಒಲೆ, ಬಟ್ಟೆ, ಪಾತ್ರೆಗಳ ನಡುವೆ ಸಿಕ್ಕ ಹೊತ್ತಿನಲ್ಲಿ ಹೊಲಿದು ಮುಗಿಸುವಷ್ಟರಲ್ಲಿ ಕಾರ್ಯಕ್ರಮದ ಹಿಂದಿನ ದಿನ ಬಂದಿತ್ತು. ಮಗಳು ಗೌನು ತೊಟ್ಟು, ಪಿಟೀಲನ್ನು ಗಲ್ಲಕ್ಕೆ ಆನಿಸಿ ಕಮಾನು ಎಳೆದಳು. ಅರ್ಧ ಎಳೆಯುವಷ್ಟರಲ್ಲಿ ಗೌನಿನ ಬಲಭುಜ ಅವಳ ಕಿವಿಗೆ ಬಂತು.

"ಅಮ್ಮಾ, ಕೈ ಮುಂದೆ ಹೋಗ್ತಿಲ್ಲ."

"ಸ್ವಲ್ಪ ಕಮ್ಮಿ ಎಳಿ."

"ಪಿಟೀಲಿಗೆ ಹಾಗೆ ಹೇಳಕ್ಕಾಗತ್ತಾ?"

"ನಿನ್ನ ಕಮಾನೇ ಉದ್ದ ಇರ್ಬೇಕು ಕಣೇ."

ಮೂಲೆಯಲ್ಲಿ ಬಟಾಣಿ ಬಿಡಿಸುತ್ತಿದ್ದ ಅತ್ತೆ ತಲೆ ಎತ್ತದೆ, "ಕುಣಿಯಕ್ಕೆ ಬರದೋಳು ನೆಲ ಡೊಂಕು ಅಂದ್ಲಂತೆ" ಎಂದರು.

ಹತ್ತಿರ ಹೋಗಿ ನೋಡಿದೆ. ಕೈ ಮುಂದೆ ಚಾಚಲು ತೋಳಿನ ಹಿಂಭಾಗದಲ್ಲಿ ಬಟ್ಟೆ ಸಡಿಲವಾಗಿರಬೇಕು. ಬಲತೋಳಿನಲ್ಲಿ ಆ ಸಡಿಲವೆಲ್ಲ ಎದೆಯ ಕಡೆ ಬಂದು ಕೂತಿತ್ತು. ತೋಳಿನ ಅಳತೆಯ ಕಾಗದವನ್ನು ಬಟ್ಟೆಯ ಮೇಲಿಟ್ಟು ಒಂದನ್ನು ಕತ್ತರಿಸಿದ ಮೇಲೆ ಕಾಗದ ಮಗುಚಿ ಇನ್ನೊಂದನ್ನು ಕತ್ತರಿಸಬೇಕು. ಕಾವಲಿಯ ಮೇಲೆ ಏನು ಬಿದ್ದರೂ ಮಗುಚುವ ನಾನು ಆ ಕಾಗದವನ್ನು ಮಾತ್ರ ಮಗುಚಿರಲಿಲ್ಲ.

"ಎಡವಟ್ಟು ಅಂತ ಸುಮ್ನೆ ಅಂತಾರಾ?" ಅತ್ತೆ ಈಗ ತಲೆ ಎತ್ತಿದರು. "ಎರಡೂ ಎಡವೇ ಮಾಡಿದ್ದೀಯಲ್ಲೇ!"

ಉಳಿದ ಚೂರುಗಳಲ್ಲಿ ಬೊಂಬೆಗೂ ತೋಳಾಗುತ್ತಿರಲಿಲ್ಲ. ಆಗ ಹೊಳೆಯಿತು: ಎಡತೋಳನ್ನು ಒಳಹೊರಗು ಮಾಡಿದರೆ ಬಲತೋಳಾಗುತ್ತದೆ! ಹೊಳೆದದ್ದೇ ತಡ, ಎರಡನ್ನೂ ಬಿಚ್ಚಿದೆ, ಎರಡನ್ನೂ ಒಳಹೊರಗು ಮಾಡಿದೆ. ಎರಡೂ ಬಲತೋಳಾದವು.

"ಈಗೇನು, ಎಡಗೈ ಮನೇಲಿ ಬಿಟ್ಟು ಹೋಗ್ಬೇಕಾ ಅವಳು?" ಎಂದರು ನಮ್ಮವರು.

ಒಂದನ್ನು ಮತ್ತೆ ಮೊದಲಿನಂತೆ ತಿರುಗಿಸಿದೆ. ಕೈಗಳ ಲೆಕ್ಕವೇನೋ ಸರಿಹೋಯಿತು. ಆದರೆ ಪರದೆಯ ಹಿಂಬದಿ ವರ್ಷಗಟ್ಟಲೆ ಬಿಸಿಲು ಕುಡಿದಿತ್ತು. ಎಡತೋಳು ಕಡುನೀಲಿ, ಬಲತೋಳು ಬೂದಿಬಣ್ಣ.

"ಬೇಡ ಕಣೇ, ನಂದೇ ಯಾವ್ದಾದ್ರೂ ಬಿಗಿ ಮಾಡಿ ಕೊಡ್ತೀನಿ. ಎಲ್ಲರ ಕಣ್ಣೂ ಆ ತೋಳಿನ ಮೇಲೇ ಇರತ್ತೆ" ಎಂದೆ. 

ಮಗಳು ಗುಂಡುಸೂಜಿ ಚುಚ್ಚಿದ್ದ ಬೂದಿ ತೋಳಿಗೆ ಮೆಲ್ಲಗೆ ಕೈ ತೂರಿಸಿ, ಕಮಾನನ್ನು ತುದಿಯವರೆಗೆ ಎಳೆದಳು. ಭುಜ ಕದಲಲಿಲ್ಲ.

"ನೋಡಿದ್ರೆ ನೋಡ್ಲಿ ಬಿಡಮ್ಮ. ಕೈ ಸಿಕ್ಕಾಕ್ಕೊಂಡ್ರೆ ಅಪಸ್ವರ ಎಲ್ಲರ ಕಿವಿಗೂ ಬೀಳತ್ತೆ. ಇದನ್ನೇ ಹೊಲಿ."

ಹೊಲಿದೆ. ಅಷ್ಟು ದಿನ ನಾನು ಎದುರು ಮನೆಯಾಕೆಯ ಕಣ್ಣಿಗೆಂದು ಹೊಲಿಯುತ್ತಿದ್ದೆ. ಮಗಳ ಕೈಗೆಂದು ಹೊಲಿದದ್ದು ಆ ಒಂದು ತೋಳನ್ನು ಮಾತ್ರ.

ಸಭಾಂಗಣದಲ್ಲಿ ಎದುರು ಮನೆಯಾಕೆ ನನ್ನ ಪಕ್ಕದಲ್ಲೇ ಕೂತಳು. ವೇದಿಕೆಯ ದೀಪ ಹತ್ತಿದ ಕೂಡಲೇ ಮೊಣಕೈಯಿಂದ ತಿವಿದಳು.

"ಬಟ್ಟೆ ಸಾಲ್ಲಿಲ್ವಾ?"

"ಬುದ್ಧಿ ಸಾಲ್ಲಿಲ್ಲ ರೀ."

ಮೇಳ ನುಡಿಸುವುದನ್ನು ನಿಲ್ಲಿಸಿತು. ಮಗಳೊಬ್ಬಳೇ ಎದ್ದಳು. ನಾನು ಅವಳ ಕಂಕುಳಿನ ಹೊಲಿಗೆಯನ್ನೇ ನೋಡುತ್ತಾ ಕೂತೆ. ಬೂದಿ ತೋಳು ಹೋಯಿತು, ಬಂತು. ನಿಧಾನಕ್ಕೆ ಹೋಯಿತು, ಸರಸರ ಬಂತು. ಚಪ್ಪಾಳೆ ಬಿದ್ದಾಗಲೇ ನನಗೆ ಮುಗಿದದ್ದು ತಿಳಿದದ್ದು.

ಹೊರಗೆ ಅವಳು ಓಡಿಬಂದು ಕೈ ಹಿಡಿದಳು. "ಹೇಗಿತ್ತಮ್ಮಾ?"

"ಎಲ್ಲೂ ಎಳೀಲಿಲ್ಲ ಕಣೇ! ಒಂದು ದಾರಾನೂ ಕದಲಲಿಲ್ಲ."

"ನಾನು ನುಡಿಸಿದ್ದು ಹೇಗಿತ್ತು ಅಂದೆ."

ಎಷ್ಟು ನೆನಪಿಸಿಕೊಂಡರೂ ಒಂದು ಸ್ವರವೂ ನೆನಪಿಗೆ ಬರಲಿಲ್ಲ.

"ಮನೆಗೆ ಹೋಗಿ ಇನ್ನೊಂದ್ಸಲ ನುಡ್ಸು ಮರಿ" ಎಂದೆ. "ಈ ಸಲ ಕೇಳ್ತೀನಿ."