ಮಾರೆಕ್‌ನ ಇಪ್ಪತ್ತೈದು ದೇಶ

ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ? 2004ರ ಮೇ ಒಂದರಂದು ಪೋಲೆಂಡ್ ದೇಶ ಯುರೋಪಿಯನ್ ಯೂನಿಯನ್ ಸೇರಿತು. ನ್ಯೂಜಿಲೆಂಡಿನ ಹ್ಯಾಮಿಲ್ಟನ್ನಿನಲ್ಲಿ ನನ್ನ ತಂಗಿ ನಿಶಾ ಆ ಸಂತೋಷಕ್ಕೆ ನಮ್ಮನ್ನು ಊಟಕ್ಕೆ ಕರೆದಿದ್ದಳು. ಅವಳ ಗಂಡ ಮಾರೆಕ್ ಪೋಲೆಂಡಿನವನು, ಹಾಲಿನಪುಡಿ ಕಾರ್ಖಾನೆಯಲ್ಲಿ ಎಂಜಿನಿಯರ್.

ನಾನೂ ನಮ್ಮ ಯಜಮಾನರು ವಾಸುದೇವ್ ಅವರೂ ಹಿಂದಿನ ವರ್ಷವಷ್ಟೇ ನ್ಯೂಜಿಲೆಂಡಿನ ಪ್ರಜೆಗಳಾಗಿದ್ದೆವು. ಅದಕ್ಕಾಗಿ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಬಂದೆವು. ಈಗ ಮೈಸೂರಿನ ತವರಿಗೆ ಹೋಗಲು ನನಗೆ ವೀಸಾ ಬೇಕು. ಈ ಮಹಾರಾಯ ಮಾರೆಕ್ ಏನನ್ನೂ ಬಿಡಲಿಲ್ಲ. ಹಳೇ ಪಾಸ್‌ಪೋರ್ಟನ್ನು ಬೀರುವಿನಲ್ಲಿಟ್ಟು ಕೂತಿದ್ದ. ಕೂತಲ್ಲಿಗೇ ಯೂನಿಯನ್ನಿನ ಇಪ್ಪತ್ತೈದು ದೇಶ ಬಂದವು, ವೀಸಾದ ಗೊಡವೆಯಿಲ್ಲದೆ.

ಪಾಯಸ ಬಡಿಸುತ್ತ ನಿಶಾ ಹೇಳಿದಳು: "ಅಕ್ಕ, ಇವರಿಗೆ ಐರ್ಲೆಂಡಲ್ಲಿ ಕೆಲಸ ಸಿಕ್ಕಿದೆ. ಹೋಗೋಣ ಅಂತಿದೀವಿ."

ಪಾಯಸದ ಬಟ್ಟಲನ್ನು ಆಚೆ ಸರಿಸಿದೆ. ನಮ್ಮ ಮನೆಯಿಂದ ಎರಡೇ ಬೀದಿಯಾಚೆ, ತಂಗಿ ಕಣ್ಣಳತೆಯಲ್ಲೇ ಇರಲಿ ಎಂದು ನಾನೇ ಹುಡುಕಿಕೊಟ್ಟ ಮನೆ ಅದು. ಅವಳನ್ನು ಓದಲು ಇಲ್ಲಿಗೆ ಕರೆಸಿದವಳು ನಾನು. ಕೋರ್ಸ್ ಆರಿಸಿದವಳೂ ನಾನೇ. ಮಾರೆಕ್ ಒಬ್ಬನನ್ನು ಮಾತ್ರ ಅವಳೇ ಹುಡುಕಿಕೊಂಡಳು. ಅವತ್ತಿನಿಂದ ಅವಳ ಆಫೀಸಿನ ಜಗಳ, ಜ್ವರ, ನಗು ಎಲ್ಲವೂ ಮೊದಲು ಅವನ ಕಿವಿಗೆ, ಆಮೇಲೆ ನನಗೆ. ಅವನನ್ನು ಕಂಡರೆ ನನಗಾಗದು.

ತಂಗಿಗೆ ಏನೂ ಹೇಳಲಾರದೆ ಅವನ ಮೇಲೆ ಇಂಗ್ಲಿಷಿನಲ್ಲಿ ಹರಿಹಾಯ್ದೆ. ಯೂನಿಯನ್ನಿನ ದೊಡ್ಡವರು ಬ್ರಸೆಲ್ಸಿನಲ್ಲಿ ಕೂತು ಕಾನೂನು ಮಾಡುತ್ತಾರೆ, ನೀವು ಕೋಲೆಬಸವನ ಹಾಗೆ ತಲೆ ಆಡಿಸಬೇಕು. ಸಾರ್ವಭೌಮತ್ವ ಅಂತ ನಿಮಗೆ ಏನು ಉಳಿಯಿತು?

"ಸಾಕು ಬಿಡು ಕಾತ್ಯಾಯಿನಿ" ಎಂದರು ಯಜಮಾನರು. ನಾನು ಬಿಡಲಿಲ್ಲ.

ಮಾರೆಕ್‌ಗೆ ಸಿಟ್ಟು ಬರಲಿಲ್ಲ. "ಅಕ್ಕ" ಎಂದ. ಅವನಿಗೆ ಬರುವ ಒಂದೇ ಕನ್ನಡ ಪದ ಅದು. ಉಳಿದದ್ದನ್ನು ಇಂಗ್ಲಿಷಿನಲ್ಲಿ ಹೇಳಿದ: "ಸ್ವಲ್ಪ ಬಿಟ್ಟುಕೊಟ್ಟಿದ್ದೇವೆ, ನಿಜ. ಆದರೆ ಹಿಂದೆ ರಷ್ಯಾದವರು ನಮ್ಮನ್ನು ತಮ್ಮ ಗುಂಪಿಗೆ ಸೇರಿಸಿಕೊಂಡಾಗ ನಮ್ಮಜ್ಜನನ್ನು ಯಾರೂ ಕೇಳಿರಲಿಲ್ಲ. ಈ ಸಲ ಓಟು ಹಾಕಿಸಿ ಕೇಳಿದರು."

"ಕೇಳ್ಬಿಟ್ರೆ ಆಗೋಯ್ತಾ?" ಎಂದು ಕನ್ನಡದಲ್ಲಿ ಗೊಣಗಿದೆ.

"ಆಗತ್ತೆ ಅಕ್ಕ" ಎಂದಳು ನಿಶಾ. "ನೀನು ನಂಗೆ ಮಾಡಿದ್ದೆಲ್ಲ ಒಳ್ಳೇದೇ. ಆದ್ರೆ ಒಂದು ಸಲಾನೂ ನನ್ನ ಕೇಳ್ಲಿಲ್ಲ."

ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಅವರು ಹೊರಡುವ ಹಿಂದಿನ ದಿನ ಅವಳಿಗೆ ಮಡಿಲು ತುಂಬಬೇಕಿತ್ತು. ಅಮ್ಮ ಇಲ್ಲದ ಊರಲ್ಲಿ ಅದು ಅಕ್ಕನ ಪಾಲಿನ ಕೆಲಸ. ನಿಶಾ ಸೀರೆಯುಟ್ಟು, ಸೆರಗೊಡ್ಡಿ ಕೂತಳು. ಮಡಿಲು ತುಂಬಿದರೆ ಮನಸಾರೆ ಕಳಿಸಿಕೊಟ್ಟ ಹಾಗೆ. ನಾನು ತುಂಬದೆ ಎದ್ದರೆ ಹೊರಡಲು ಅವಳ ಕಾಲು ಏಳುವುದಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಅಕ್ಕಿಯ ಬೊಗಸೆಯನ್ನು ಹಾಗೇ ಹಿಡಿದು ಕೇಳಿದೆ: "ನಿಂಗೆ ಹೋಗ್ಬೇಕು ಅಂತ ಇದ್ಯೇನೇ?"

ಇಲ್ಲ ಅನ್ನುತ್ತಾಳೆಂದೇ ಕೇಳಿದ್ದು.

"ಇದೆ ಅಕ್ಕ" ಎಂದಳು. ಅವಳ ಕಣ್ಣು ತುಂಬಿತ್ತು, ಆದರೆ ಸೆರಗನ್ನು ಇನ್ನಷ್ಟು ಮುಂದಕ್ಕೆ ಒಡ್ಡಿದಳು.

ನಾನು ಅಕ್ಕಿ ಸುರಿದೆ.