ಹುಳ ಹಣ್ಣಾಗುವ ಗಂಟೆ

ಗಂಡನ ಹಣೆಗೆ ವಿಭೂತಿ ಹಚ್ಚುತ್ತಿದ್ದ ಶಿವಲಿಂಗಮ್ಮ ಕೈ ನಿಲ್ಲಿಸಿ ಮಗನತ್ತ ತಿರುಗಿದರು.

"ಏನ್ಲಾ ಅಂದೆ?"

"ಹುಳ ಇವತ್ತೇ ಹಣ್ಣಾಯ್ತವಂತೆ ಕಣವ್ವ. ಮೂರು ಗಂಟೆಗೆ." ಬಾಲರಾಜು ಫೋನು ತೋರಿಸಿದ.

ಹಿತ್ತಲ ಶೆಡ್ಡಿನಲ್ಲಿ ಇನ್ನೂರು ಮೊಟ್ಟೆಯ, ಎಂದರೆ ಲಕ್ಷದ ಹತ್ತಿರ, ರೇಷ್ಮೆಹುಳವಿತ್ತು. ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ಹುಳವನ್ನು ಕೂಡಲೇ ಆರಿಸಿ ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡದಿದ್ದರೆ ಗೂಡಾಗಬೇಕಾದ ನೂಲು ಸೊಪ್ಪಿನ ಕಸಕ್ಕೆ ಹೋಗುತ್ತದೆ. ಮನೆಯ ಯಜಮಾನ ಬೋರಲಿಂಗಯ್ಯನವರನ್ನು ಮಣ್ಣು ಮಾಡುವುದು ನಾಲ್ಕಕ್ಕೆಂದು ನಿಶ್ಚಯವಾಗಿತ್ತು.

"ನಾಳೆ ಅಂದಿದ್ರಲ್ಲ ನಿಮ್ಮಪ್ಪ?"

"ನವ್ಯಶ್ರೀ ಅಕ್ಕನ ವೆಬ್ಬು ಇವತ್ತು ಅಂತೈತೆ."

ಪಕ್ಕದ ತೋಟದ ಚಿಕ್ಕಹನುಮಯ್ಯ ರೇಗಿದರು. "ಹೆಣ ಮುಂದಿಟ್ಕಂಡು ಫೋನ್ ನೋಡ್ತೀಯೇನ್ಲಾ! ಸೂತಕದೋರು ಹುಳದ್ಮನೆಗೆ ಕಾಲಿಡಂಗಿಲ್ಲ."

*

ಆರು ವರ್ಷದ ಹಿಂದೆ ರೇಷ್ಮೆ ಸಂಶೋಧಕಿ ನವ್ಯಶ್ರೀ ಇದೇ ಶೆಡ್ಡಿನಲ್ಲಿ ಹದಿನೆಂಟು ಬೆಳೆಗಳ ಶಾಖ, ತೇವ ಅಳೆದು ಪ್ರಬಂಧ ಬರೆದಿದ್ದರು. ಅಚ್ಚಾದ ಪ್ರತಿಯನ್ನು ಬೋರಲಿಂಗಯ್ಯ ತಿರುವಿ ನೋಡಿದ್ದರು.

"ಯಾರ್ ಓದ್ತಾರೆ ಇದ್ನ?"

"ಜಪಾನಿಂದ ಒಬ್ರು ಓದಿ ಕಾಗದ ಬರ್ದಿದ್ದಾರೆ."

"ನನ್ ಹುಳದ ಸುದ್ದಿ ಜಪಾನ್‌ಗೆ ಗೊತ್ತು, ಬೇಲಿ ಆಚೆ ಚಿಕ್ಕಹನುಮಯ್ಯಂಗೆ ಗೊತ್ತಿಲ್ಲ. ಚೆನ್ನಾಗೈತೆ ಕಣವ್ವ!"

ಮರುವರ್ಷ ಅದೇ ಲೆಕ್ಕದ ಮೇಲೆ ನವ್ಯಶ್ರೀ ಮಾಡಿದ ವೆಬ್ ಆ್ಯಪ್ ಬಂತು. ದಿನದ ಶಾಖ, ತೇವ ತುಂಬಿದರೆ ಹಣ್ಣಾಗುವ ಗಂಟೆ ಹೇಳುತ್ತಿತ್ತು. ಬೋರಲಿಂಗಯ್ಯ ಪ್ರತಿ ಬೆಳೆಯಲ್ಲೂ ಅದರೊಡನೆ ಪಂದ್ಯಕ್ಕೆ ನಿಂತರು. ಗೆದ್ದ ದಿನ ನವ್ಯಶ್ರೀಗೆ ಫೋನು ಹೋಗುತ್ತಿತ್ತು: "ನಿನ್ ಕೂಸು ಸೋತೋಯ್ತು, ಒಸಿ ತಿದ್ದು." ಅವರು ತಿದ್ದುತ್ತಿದ್ದರು.

*

ಹಾರ ಹಿಡಿದು ಬಂದ ನವ್ಯಶ್ರೀಗೆ ಶಿವಲಿಂಗಮ್ಮ ಅಳಲೂ ಬಿಡಲಿಲ್ಲ. "ನಿನ್ ಕೂಸು ದಿಟ ಹೇಳ್ತೈತಾ?"

"ದಿಟಾನೇ ಇರ್ಬೇಕು. ಎರಡು ದಿನ ಬಿಸಿಲು ಜಾಸ್ತಿ ಇತ್ತಮ್ಮ, ಬಾಲರಾಜು ತುಂಬಿದ್ದಾನೆ. ಅವ್ರು ಆಸ್ಪತ್ರೇಲಿದ್ರು, ಶೆಡ್ ನೋಡಿಲ್ಲ."

ಚಿಕ್ಕಹನುಮಯ್ಯ ಗೊಣಗುತ್ತಲೇ ಹೋಗಿ ಶೆಡ್ಡಿನ ಕಿಟಕಿಯಲ್ಲಿ ಇಣುಕಿದರು. ಸೊಪ್ಪು ಬಿಟ್ಟು ತಲೆಯೆತ್ತಿದ ಹುಳಗಳು ಗಾಜಿನಂತೆ ಹೊಳೆಯುತ್ತಿದ್ದವು.

"ಲೇ, ಹಣ್ಣಾಗ್ಬುಟ್ಟವೆ ಕಣ್ರೋ!"

"ಸೂತಕ ನಮ್ಗೆ ತಾನೆ, ಊರಿಗೇನು?" ಶಿವಲಿಂಗಮ್ಮ ಗಂಡನ ಕಡೆ ಕೈ ತೋರಿಸುತ್ತ ಎದ್ದು ನಿಂತರು. "ಸೋಪಾಕಿ ಕೈ ತೊಳ್ಕಂಡು ಹೋಗ್ರಪ್ಪ ಒಳಕ್ಕೆ. ಅವ್ರಿಗೇನು ಅವಸರ ಇಲ್ಲ."

ಹೆಂಗಸೊಬ್ಬಳು ಕಿಸಕ್ಕೆಂದಳು. ಆಮೇಲೆ ಎಲ್ಲರೂ ನಕ್ಕರು.

ನಾಲ್ಕಕ್ಕೆ ಶವದ ಮುಂದೆ ತಮಟೆ ಬಡಿಯುವ ನರಸಯ್ಯ ಮೂವರೊಡನೆ ಬಂದಾಗ ಚಟ್ಟದ ಬಳಿ ತಾಯಿ ಮಗ ಇಬ್ಬರೇ ಇದ್ದರು. ಶೆಡ್ಡಿನಿಂದ ಊರಿನ ಗದ್ದಲ, ನಡುನಡುವೆ ನಗು. "ಮೆತ್ತಗೆ ಹಿಡೀರೇ, ಹಿಸುಕ್ಬ್ಯಾಡ್ರಿ!" ಎಂದು ಶಿವಲಿಂಗಮ್ಮ ಕೂತಲ್ಲಿಂದಲೇ ಕೂಗುತ್ತಿದ್ದರು.

ನರಸಯ್ಯ ಒಂದು ಗಳಿಗೆ ಕಿವಿಗೊಟ್ಟರು. ತಮಟೆಗಳನ್ನು ಗೋಡೆಗೆ ಒರಗಿಸಿ, ನಾಲ್ವರೂ ಶೆಡ್ಡಿನ ಬಾಗಿಲ ಪಕ್ಕದ ನೀರಿನ ತೊಟ್ಟಿಯ ಮುಂದೆ ಸಾಲಾಗಿ ನಿಂತು ಸೋಪು ಹಚ್ಚಿ ಕೈ ತೊಳೆಯತೊಡಗಿದರು.