ಅರ್ಧಕ್ಕೆ ನಿಂತ ವಾಕ್ಯ

ನಮ್ಮಣ್ಣ ಪ್ರಧಾನಿಯಾದ ಮೇಲೆ ಅವನಿಗೆ ಕಿವಿ ಇಲ್ಲ, ಬರೀ ಬಾಯಿ. ಪಕ್ಷದ ಮುಖ್ಯ ಸಚೇತಕಿ ನಾನು. ಸದಸ್ಯರಲ್ಲಿ ಯಾರು ನಮ್ಮ ಕಡೆ, ಯಾರು ಕಾಲು ಕೀಳಲಿದ್ದಾರೆ ಎಂದು ಅವನಿಗೆ ಹೇಳುವುದೇ ನನ್ನ ಕೆಲಸ. ಆ ದಿನ ಅವನು ನೀರಾವರಿ ಮಂತ್ರಿಯನ್ನು, ಅಂದರೆ ನಾವೆಲ್ಲ ಗಡ್ಡಪ್ಪ ಎನ್ನುವವನನ್ನು, ಪಕ್ಷದ ಸಭೆಯಲ್ಲೇ ಕಿತ್ತುಹಾಕಲು ಹೊರಟಿದ್ದ.

"ಅವನನ್ನ ಮುಟ್ಬೇಡ ಅಣ್ಣ. ಅರ್ಧ ಪಕ್ಷ ಅವನ ಜೇಬಲ್ಲಿದೆ. ಸಂಜೆಯೊಳಗೆ ಸರ್ಕಾರ ಬೀಳುತ್ತೆ."

"ಜನ ವೋಟು ಹಾಕಿದ್ದು ನನ್ನ ಮುಖಕ್ಕೆ. ನೀನು ತಲೆ ಎಣಿಸ್ಕೊಂಡು ಬಿದ್ದಿರು," ಎಂದ. ಕನ್ನಡಿ ನೋಡಿಕೊಂಡೇ ಎಂದ. ನನಗೆ ಮೈಯೆಲ್ಲ ಉರಿಯಿತು.

ಗಡ್ಡಪ್ಪ ನಯವಂಚಕ, ಅವನನ್ನು ಕಂಡರೆ ನನಗೂ ಆಗುವುದಿಲ್ಲ. ಆದರೆ ಸದಸ್ಯರ ಹೆಂಡತಿಗೆ ಜ್ವರ ಬಂದರೂ ಫೋನ್ ಮಾಡಿ ವಿಚಾರಿಸುವವನು ಅವನೊಬ್ಬನೇ. ನಮ್ಮಣ್ಣನಿಗೆ ಅವರ ಹೆಸರೂ ನೆನಪಿರುವುದಿಲ್ಲ.

ಸಭೆಯಲ್ಲಿ ಅಣ್ಣನದೊಂದು ಚಾಳಿ: ಯಾರ ಹೆಸರೆತ್ತಿದರೂ ಅಲ್ಲೇ ನಿಲ್ಲಿಸಿ ಎರಡು ಗುಟುಕು ನೀರು ಕುಡಿಯುವುದು. ಮುಂದೇನು ಎಂದು ಎಲ್ಲರೂ ಬಾಯಿಬಿಟ್ಟುಕೊಂಡು ಕಾಯಬೇಕು, ಅದೇ ಅವನ ಖುಷಿ. ಅವತ್ತೂ "ನಮ್ಮ ನೀರಾವರಿ ಮಂತ್ರಿಗಳು..." ಎಂದು ಲೋಟ ಎತ್ತಿದ.

ಮುಂದಿನ ಸಾಲಿನಿಂದ ಒಂದು ಕೈ ಮೇಜು ಕುಟ್ಟಿತು. ಹೊಗಳಿಕೆ ಬರಲಿದೆ ಎಂದುಕೊಂಡು ಹಿಂದಿನವರೂ ಕುಟ್ಟಿದರು. ಗಡ್ಡಪ್ಪನ ಕಡೆಯವರು ಸುಮ್ಮನಿರುತ್ತಾರೆಯೇ? ಎರಡೂ ಕೈಯಲ್ಲಿ ಬಾರಿಸಿದರು. ಅಣ್ಣ ಕೈ ಎತ್ತಿದ, ಗಂಟಲು ಸರಿಮಾಡಿಕೊಂಡ, ಮೈಕು ತಟ್ಟಿದ. ನಿಲ್ಲಿಸಿದರೆ ತಾನೆ! ಗಡ್ಡಪ್ಪ ಎದ್ದು ಕೈಮುಗಿದ ಮೇಲೆಯೇ ಸದ್ದಡಗಿತು.

ಅಣ್ಣನ ಮುಖ ಬಿಳಿಚಿಕೊಂಡಿತ್ತು. ಸಾಲುಸಾಲಾಗಿ ಎಲ್ಲರನ್ನೂ ನೋಡಿದ. ಮೊದಲ ಸಲ ಅವನೇ ತಲೆ ಎಣಿಸುತ್ತಿದ್ದ. "...ನಮ್ಮ ಸರ್ಕಾರದ ಆಸ್ತಿ," ಎಂದು ಹೇಗೋ ವಾಕ್ಯ ಮುಗಿಸಿ ಕುಳಿತ.

ಆಮೇಲೆ ನನ್ನನ್ನು ತನ್ನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಚ್ಚಿದ.

"ಯಾವ ಕತ್ತೆ ಮೊದಲು ಕುಟ್ಟಿದ್ದು?"

"ನಾನೇ."

"ಒಡಹುಟ್ಟಿದವಳು ನೀನು!"

"ಅದಕ್ಕೇ ಕುಟ್ಟಿದ್ದು. ಇಲ್ದಿದ್ರೆ ಇಷ್ಟೊತ್ತಿಗೆ ನೀನು ಗಂಟುಮೂಟೆ ಕಟ್ತಿದ್ದೆ. ಕುರ್ಚಿ ಉಳೀತಲ್ಲ, ಕೂತ್ಕೋ."

ಸುಟ್ಟುಬಿಡುವಂತೆ ನೋಡಿದ. ಅಷ್ಟರಲ್ಲಿ ಗಡ್ಡಪ್ಪ ಬಾಗಿಲನ್ನೂ ತಟ್ಟದೆ ಒಳಗೆ ಬಂದ.

"ನಾಳೆ ಮಂತ್ರಿಮಂಡಲದ ಸಭೆ ಬೇಡ. ನನಗೆ ಬೇರೆ ಕೆಲಸ ಇದೆ."

ಅಣ್ಣ ಎದ್ದು ನಿಂತ. ಬೈಯುತ್ತಾನೆ ಎಂದುಕೊಂಡೆ. ಬೈಯಲಿ ಎಂದು ಆಸೆಯೂ ಪಟ್ಟೆ, ಸುಳ್ಳೇಕೆ?

"ಆಗ್ಲಿ ಸರ್," ಎಂದ.